ಬೋಲ್ಟಿನ ಸುತ್ತು ಕೆಟ್ಟಾಗ

ಮುಂಗಾರಿಗೆ ಮೊದಲು ತೋಟದ ಬಾವಿಯ ಪಂಪನ್ನು ಬಿಚ್ಚಿ ಮೇಲೆತ್ತಿ ಇಡುವುದು ಹಲವು ಊರುಗಳಲ್ಲಿ ವರ್ಷ ವರ್ಷವೂ ಇದ್ದದ್ದೇ. ಪೈಪಿನ ಫ್ಲೇಂಜಿನಲ್ಲಿ ಎಂಟು ಬೋಲ್ಟು. ನೀರು, ಗಾಳಿ, ಕೆಸರು ಮೂರೂ ಸೇರಿ ಅವಕ್ಕೆ ತುಕ್ಕಿನ ಅಂಗಿ ತೊಡಿಸಿರುತ್ತವೆ. ಐದು ಹೇಗೋ ಬಿಚ್ಚಿಕೊಳ್ಳುತ್ತವೆ, ಉಳಿದ ಮೂರು ಹಟ ಹಿಡಿಯುತ್ತವೆ. ಅಪ್ಪ ಸ್ಪ್ಯಾನರಿನ ಹಿಡಿಗೆ ಪೈಪಿನ ತುಂಡು ತುರುಕಿ ಜಗ್ಗುತ್ತಾನೆ. ನಟ್ಟು ಬಿಚ್ಚಿಕೊಂಡರೂ ಬೋಲ್ಟು ತೂತಿನಿಂದ ಜಪ್ಪಯ್ಯ ಎಂದರೂ ಹೊರಬರುವುದಿಲ್ಲ. ಸುತ್ತಿಗೆ ತಂದು ಅದರ ತುದಿಗೇ ನಾಲ್ಕು ಏಟು ಹಾಕುತ್ತಾನೆ. ಬೋಲ್ಟು ಬರುತ್ತದೆ, ನಿಜ. ಆದರೆ ತುದಿ ಅಣಬೆಯಂತೆ ಅರಳಿರುತ್ತದೆ. ಪಂಪನ್ನು ಮತ್ತೆ ಕೂರಿಸುವ ದಿನ ಅದೇ ಬೋಲ್ಟಿಗೆ ಅದೇ ನಟ್ಟು ಹಿಡಿಯುವುದಿಲ್ಲ.

ಈ ಅಪ್ಪನ ಮಗ ಐಟಿಐಯಲ್ಲಿ ಫಿಟ್ಟರ್ ಕಲಿಯುತ್ತಿರುವ ಹುಡುಗ ಎಂದಿಟ್ಟುಕೊಳ್ಳಿ. ರಜಕ್ಕೆ ಬಂದವನು ಪಕ್ಕದಲ್ಲೇ ನಿಂತಿದ್ದಾನೆ.

"ತುದಿಗೆ ಹಾಗೆ ಹೊಡೀಬೇಡಪ್ಪ. ನಟ್ಟನ್ನ ತುದಿಗೆ ಸಮ ಬರೋ ಹಾಗೆ ತಿರುಗಿಸಿಟ್ಟು, ಮೇಲೊಂದು ಮರದ ತುಂಡು ಇಟ್ಟು ಹೊಡಿ. ಥ್ರೆಡ್ ಉಳಿಯತ್ತೆ."

"ಕಾಲೇಜಿಗೆ ಕಳಿಸಿದ್ದು ನಟ್ಟು ಬೋಲ್ಟು ಲೆಕ್ಕ ಮಾಡೋಕೇನೋ?" ಅಪ್ಪ ನಗುತ್ತಾನೆ. ಆ ನಗೆಯಲ್ಲಿ ಅರ್ಧ ತಮಾಷೆ, ಅರ್ಧ ನಿರಾಸೆ.

ನಟ್ಟು ಬೋಲ್ಟಿನ ಲೆಕ್ಕ ಅಷ್ಟು ಸಣ್ಣದೇ? ಆ ಹುಡುಗನ ಪಾಠವನ್ನು ಒಮ್ಮೆ ತಿರುವಿ ಹಾಕಿದರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕೀತು.

ಮೊದಲು ಈ ಸುತ್ತು ಏನೆಂಬುದನ್ನು ತಿಳಿಯಬೇಕು. ಒಂದು ಹಾಳೆಯಲ್ಲಿ ಲಂಬಕೋನ ತ್ರಿಭುಜ ಕತ್ತರಿಸಿ ಅದನ್ನು ಪೆನ್ಸಿಲಿಗೆ ಸುತ್ತಿ ನೋಡಿ. ತ್ರಿಭುಜದ ಓರೆ ಅಂಚು ಪೆನ್ಸಿಲಿನ ಸುತ್ತ ಬಳ್ಳಿಯಂತೆ ಏರುತ್ತ ಹೋಗುತ್ತದೆ. ತಿರುಪಿನ ಗುಟ್ಟು ಇಷ್ಟೇ. ಅದು ಕಂಬಕ್ಕೆ ಸುತ್ತಿದ ಒಂದು ಇಳಿಜಾರು ದಾರಿ. ಕಾರ್ಖಾನೆಯ ಮಾತಿನಲ್ಲಿ ಈ ಸುತ್ತಿನ ಸಾಲನ್ನು ಥ್ರೆಡ್ ಎನ್ನುತ್ತಾರೆ. ಒಂದು ಸುತ್ತಿನ ನೆತ್ತಿಯಿಂದ ಮುಂದಿನ ಸುತ್ತಿನ ನೆತ್ತಿಗೆ ಇರುವ ದೂರ ಪಿಚ್. 10 ಮಿಲಿಮೀಟರ್ ದಪ್ಪದ ಸಾಮಾನ್ಯ ಮೆಟ್ರಿಕ್ ಬೋಲ್ಟಿನ ಪಿಚ್ ಒಂದೂವರೆ ಮಿಲಿಮೀಟರ್. ಅಂದರೆ ನಟ್ಟು ಒಂದು ಪೂರ್ತಿ ಸುತ್ತು ತಿರುಗಿದರೆ ಅಷ್ಟೇ ಮುಂದೆ ಸರಿಯುತ್ತದೆ. ಆ ಒಂದು ಸುತ್ತಿನಲ್ಲಿ ಅದು ಇಳಿಜಾರಿನ ಮೇಲೆ ನಡೆಯುವ ದೂರ ಸುಮಾರು 28 ಮಿಲಿಮೀಟರ್. ಈ ದಾರಿಯ ಏರು ಬರೇ ಮೂರು ಡಿಗ್ರಿ. ಏರು ಇಷ್ಟು ಕಡಿಮೆ ಇರುವುದರಿಂದಲೇ ಸ್ಪ್ಯಾನರಿನ ಸಣ್ಣ ಎಳೆತ ದೊಡ್ಡ ಬಿಗಿತವಾಗುತ್ತದೆ. ಕೈಬಿಟ್ಟರೆ ನಟ್ಟು ತಾನಾಗಿ ಹಿಂದಕ್ಕೆ ಜಾರದೆ ಘರ್ಷಣೆಯ ಬಲದಿಂದ ನಿಲ್ಲುವುದೂ ಇದೇ ಕಾರಣಕ್ಕೆ.

ಇವತ್ತು ಅಂಗಡಿಗೆ ಹೋಗಿ ಇಂಥ ಅಳತೆಯ ನಟ್ಟು ಕೊಡಿ ಎಂದರೆ ಸಿಗುತ್ತದೆ, ಮನೆಯಲ್ಲಿರುವ ಬೋಲ್ಟಿಗೆ ಕೂರುತ್ತದೆ. ಇದು ಸಹಜ ಎಂದುಕೊಂಡಿದ್ದೇವೆ. ಇನ್ನೂರೈವತ್ತು ವರ್ಷದ ಹಿಂದೆ ಇದು ಸಹಜವಾಗಿರಲಿಲ್ಲ. ಒಂದೊಂದು ಬೋಲ್ಟಿಗೂ ಅದರದೇ ನಟ್ಟು. ಗಂಡು ಹೆಣ್ಣಿನ ಜೋಡಿಯಂತೆ ಗುರುತು ಹಾಕಿ ಇಡಬೇಕಿತ್ತು. ಜೋಡಿ ಅದಲು ಬದಲಾದರೆ ಯಂತ್ರ ಕೂಡಿಸುವವನ ಗತಿ ದೇವರಿಗೇ ಪ್ರೀತಿ. ಲಂಡನ್ನಿನ ಹೆನ್ರಿ ಮಾಡ್‌ಸ್ಲೆ 1800ರ ಆಸುಪಾಸಿನಲ್ಲಿ ಕರಾರುವಾಕ್ಕಾಗಿ ಥ್ರೆಡ್ ಕೊರೆಯುವ ಲೇತನ್ನು ರೂಪಿಸಿದ ಮೇಲೆ ಒಂದೇ ಸಮನಾದ ತಿರುಪುಗಳನ್ನು ಬೇಕಾದಷ್ಟು ಮಾಡಲು ದಾರಿಯಾಯಿತು. ಆತನ ಕಾರ್ಯಾಗಾರದಲ್ಲಿ ದುಡಿದು ಕಲಿತವರಲ್ಲಿ ಜೋಸೆಫ್ ವಿಟ್‌ವರ್ತ್ ಒಬ್ಬ. ಮುಂದೆ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ಹೂಡಿದ ವಿಟ್‌ವರ್ತ್, ಬ್ರಿಟನ್ನಿನ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ ಅಳೆದು, ಸರಾಸರಿ ತೆಗೆದು, 1841ರಲ್ಲಿ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಸೂಚಿಸಿದ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. ನೆತ್ತಿಯೂ ಬುಡವೂ ದುಂಡು.

ಅಮೆರಿಕದಲ್ಲಿ 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ ಇನ್ನೊಂದು ಬಗೆ ತಂದ. ಕೋನ 60 ಡಿಗ್ರಿ. ನೆತ್ತಿ, ಬುಡ ಚಪ್ಪಟೆ. ಕೊರೆಯುವುದು, ಅಳೆಯುವುದು ಎರಡೂ ಸುಲಭ ಎಂಬುದು ಅವನ ವಾದ. ಅಲ್ಲಿಗೆ ಲೋಕದಲ್ಲಿ ಎರಡು ಪಂಗಡವಾಯಿತು. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿನಲ್ಲಿ ಅಂಗುಲಕ್ಕೆ 12 ಸುತ್ತು. ಅದೇ ಅರ್ಧ ಅಂಗುಲದ ಅಮೆರಿಕನ್ ಬೋಲ್ಟಿನಲ್ಲಿ 13. ನೋಡಲು ಅವಳಿ ಮಕ್ಕಳು, ಕೂಡಿ ಬಾಳಲು ಆಗದು. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದರೂ ಒಬ್ಬರ ಬೋಲ್ಟು ಇನ್ನೊಬ್ಬರ ಯಂತ್ರಕ್ಕೆ ಕೂರದೆ ಎರಡೂ ದೇಶಗಳು ಪೇಚಾಡಿದವು. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಏಕರೂಪದ 60 ಡಿಗ್ರಿ ಥ್ರೆಡ್ಡಿಗೆ ಒಪ್ಪಿಕೊಂಡವು. ಇಂದಿನ ಅಂತರರಾಷ್ಟ್ರೀಯ ಮೆಟ್ರಿಕ್ ಥ್ರೆಡ್ಡಿನ ಕೋನವೂ 60 ಡಿಗ್ರಿಯೇ.

ಥ್ರೆಡ್ ಕೂಡದಿದ್ದರೆ ಏನಾದೀತು ಎಂಬುದಕ್ಕೆ ಬಾಲ್ಟಿಮೋರ್ ನಗರದ ಕತೆಯಿದೆ. 1904ರ ಫೆಬ್ರುವರಿ 7ರಂದು ಆ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ಅಗ್ನಿಶಾಮಕ ಪಡೆಗಳು ರೈಲಿನಲ್ಲಿ ಧಾವಿಸಿ ಬಂದವು. ಬಂದವರ ಎಷ್ಟೋ ಪೈಪುಗಳ ತಿರುಪು ಆ ಊರಿನ ನೀರಿನ ಕೊಳಾಯಿಗೆ ಕೂರಲಿಲ್ಲ. ನೀರಿದೆ, ಪೈಪಿದೆ, ಜನರಿದ್ದಾರೆ; ಸುತ್ತು ಮಾತ್ರ ಹೊಂದುವುದಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು.

ನಮ್ಮ ದೇಶದಲ್ಲಿ 1956ರ ಕಾನೂನಿನ ಬಳಿಕ ಮೆಟ್ರಿಕ್ ಅಳತೆ ಬಂದಿತು. ಹಾಗೆಂದು ವಿಟ್‌ವರ್ತ್ ಸಾಹೇಬ ಹೊರಟು ಹೋಗಿಲ್ಲ. ಹಳೆಯ ಪಂಪು, ಹಳೆಯ ಲೇತು, ಅಜ್ಜನ ಕಾಲದ ಎಂಜಿನ್ನುಗಳಲ್ಲಿ ಆತ ಇನ್ನೂ ಕೂತಿದ್ದಾನೆ. ಮನೆಯ ನಲ್ಲಿಯಲ್ಲೂ ಇದ್ದಾನೆ. ಅರ್ಧ ಅಂಗುಲದ ನೀರಿನ ಪೈಪಿನ ತುದಿಯಲ್ಲಿ ಅಂಗುಲಕ್ಕೆ 14 ಸುತ್ತು, ಕೋನ 55 ಡಿಗ್ರಿ. ಅರ್ಧ ಅಂಗುಲ ಎನ್ನುವುದು ಪೈಪಿನ ಒಳಗಿನ ದಾರಿಯ ಲೆಕ್ಕ. ಥ್ರೆಡ್ಡಿನ ಹೊರ ಅಳತೆ ಹತ್ತಿರ ಹತ್ತಿರ 21 ಮಿಲಿಮೀಟರ್. ಅಳತೆಪಟ್ಟಿ ಹಿಡಿದು ಪರೀಕ್ಷಿಸಿದ ವಿದ್ಯಾರ್ಥಿ ತಬ್ಬಿಬ್ಬಾದರೆ ತಪ್ಪಲ್ಲ.

ಆದ್ದರಿಂದ ಕೆಟ್ಟ ಬೋಲ್ಟಿನ ಮುಂದೆ ಕೂತವನು ಮಾಡಬೇಕಾದ ಮೊದಲ ಕೆಲಸ ಉಪಕರಣ ಎತ್ತಿಕೊಳ್ಳುವುದಲ್ಲ. ಈ ಥ್ರೆಡ್ ಯಾವ ಕುಲದ್ದು ಎಂದು ವಿಚಾರಿಸುವುದು. ಅದಕ್ಕೆ ಪಿಚ್ ಗೇಜ್ ಎಂಬ ಸಾಧನವಿದೆ. ಚಾಕುವಿನಂತೆ ಮಡಚುವ ಹತ್ತಿಪ್ಪತ್ತು ತೆಳು ಉಕ್ಕಿನ ಎಲೆಗಳು. ಒಂದೊಂದರ ಅಂಚಿನಲ್ಲೂ ಒಂದೊಂದು ಪಿಚ್ಚಿನ ಹಲ್ಲು. ಬೋಲ್ಟಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ ಸಂದು ಕಾಣದೆ ಕೂತ ಎಲೆಯ ಮೇಲಿನ ಅಂಕಿಯೇ ಉತ್ತರ. ದಪ್ಪವನ್ನು ವರ್ನಿಯರ್ ಕ್ಯಾಲಿಪರ್ ಹೇಳುತ್ತದೆ. ಎರಡೂ ಬೇಕು, ಒಂದು ಸಾಲದು.

ಯಾಕೆಂದರೆ ಇಲ್ಲೊಂದು ಗುಂಡಿಯಿದೆ. ಅಂಗುಲದ ಎಂಟರಲ್ಲಿ ಮೂರು ಪಾಲಿನ ಬೋಲ್ಟು 9.5 ಮಿಲಿಮೀಟರ್ ದಪ್ಪ. 10 ಮಿಲಿಮೀಟರಿನ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಮೊದಲನೆಯದರಲ್ಲಿ ಅಂಗುಲಕ್ಕೆ 16 ಸುತ್ತು. ಅಂಗುಲವೆಂದರೆ 25.4 ಮಿಲಿಮೀಟರ್, ಭಾಗಿಸಿದರೆ ಪಿಚ್ 1.5875. ಎರಡನೆಯದರ ಪಿಚ್ 1.5. ಒಂದು ಸುತ್ತಿನಲ್ಲಿ ವ್ಯತ್ಯಾಸ 0.0875 ಮಿಲಿಮೀಟರ್, ಕೂದಲೆಳೆಯಷ್ಟು. ಹತ್ತು ಸುತ್ತು ಆಗುವಷ್ಟರಲ್ಲಿ ಅದು 0.875 ಮಿಲಿಮೀಟರ್, ಅಂದರೆ ಅರ್ಧ ಪಿಚ್ಚಿಗಿಂತ ಹೆಚ್ಚು. ಒಂದರ ನೆತ್ತಿ ಇನ್ನೊಂದರ ಕಣಿವೆಗೆ ಬದಲು ಇನ್ನೊಂದರ ನೆತ್ತಿಯ ಮೇಲೇ ಬಂದು ಕೂರುತ್ತದೆ. ಅಂಗುಲದ ಬೋಲ್ಟಿಗೆ ಮೆಟ್ರಿಕ್ ಉಪಕರಣ ಹಾಕಿ, ಮೊದಲ ಎರಡು ಸುತ್ತು ಸಲೀಸಾಗಿ ಹೋಯಿತಲ್ಲ ಎಂದು ಬಲ ಹಾಕಿದವನು ಒಳ್ಳೆಯ ಥ್ರೆಡ್ಡನ್ನು ತನ್ನ ಕೈಯಾರೆ ಕೆತ್ತಿ ಹಾಕುತ್ತಾನೆ. ಗಣಿತದ ಪುಸ್ತಕದಲ್ಲಿ ದಶಮಾಂಶ ಬಿಂದುವಿನ ಮುಂದಿನ ಅಂಕಿಗಳನ್ನು ಉಪೇಕ್ಷಿಸುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇನ್ನು ಉಪಕರಣಗಳಿಗೆ ಬರೋಣ. ಥ್ರೆಡ್ ಕೊರೆಯುವ ಕೈ ಉಪಕರಣಗಳಲ್ಲಿ ಎರಡು ಮುಖ್ಯ. ತೂತಿನ ಒಳಗೆ ಥ್ರೆಡ್ ಮಾಡುವುದು ಟ್ಯಾಪ್. ಸರಳಿನ ಹೊರಗೆ ಮಾಡುವುದು ಡೈ.

ನಲ್ಲಿಗೂ ಟ್ಯಾಪ್ ಎನ್ನುತ್ತಾರೆ, ಇದು ಅದಲ್ಲ. ಇದು ಗಟ್ಟಿ ಉಕ್ಕಿನ ತಿರುಪು. ಉದ್ದಕ್ಕೂ ತೋಡಿದ ಕಾಲುವೆಗಳಿಂದಾಗಿ ಅದರ ಸುತ್ತುಗಳು ಕತ್ತರಿಸುವ ಹಲ್ಲುಗಳಾಗಿರುತ್ತವೆ. ಒಂದು ಅಳತೆಗೆ ಮೂರು ಟ್ಯಾಪ್ ಇರುವ ಜೊತೆ ಸಿಗುತ್ತದೆ. ಮೊದಲನೆಯದರ ಮೂತಿ ಏಳೆಂಟು ಸುತ್ತಿನವರೆಗೆ ಚೂಪಾಗಿ ಇಳಿದಿರುತ್ತದೆ. ದಾರಿ ತೋರುವುದು ಅದರ ಕೆಲಸ. ಎರಡನೆಯದರ ಇಳಿಜಾರು ಕಡಿಮೆ. ಮೂರನೆಯದರಲ್ಲಿ ಒಂದೆರಡು ಸುತ್ತು ಮಾತ್ರ. ತಳ ಮುಚ್ಚಿದ ತೂತಿನಲ್ಲಿ ಅದು ಅಡಿಯವರೆಗೂ ಕೊರೆಯಬಲ್ಲದು. ಟ್ಯಾಪ್ ಹಾಕುವ ಮೊದಲು ಎಷ್ಟು ದಪ್ಪದ ತೂತು ಬೇಕು? ಬೋಲ್ಟಿನ ದಪ್ಪದಿಂದ ಪಿಚ್ ಕಳೆಯಿರಿ. ಹತ್ತರಲ್ಲಿ ಒಂದೂವರೆ ಕಳೆದರೆ ಎಂಟೂವರೆ ಮಿಲಿಮೀಟರ್. ಆರು ಮಿಲಿಮೀಟರಿನ ಬೋಲ್ಟಿಗೆ ಪಿಚ್ ಒಂದು, ತೂತು ಐದು. ತೂತು ಕಿರಿದಾದರೆ ಟ್ಯಾಪ್ ಸಿಕ್ಕಿಕೊಂಡು ಮುರಿಯುತ್ತದೆ. ಮುರಿದ ಟ್ಯಾಪನ್ನು ತೆಗೆಯುವುದು ದೊಡ್ಡ ತಲೆನೋವು. ಅದು ಸಾಮಾನ್ಯ ಡ್ರಿಲ್ಲಿಗೆ ಜಗ್ಗದಷ್ಟು ಗಟ್ಟಿ, ಜೊತೆಗೆ ಗಾಜಿನಂತೆ ಪೆಡಸು.

ಡೈ ಎಂಬುದು ದುಂಡು ಬಿಲ್ಲೆ. ನಡುವಿನ ತೂತಿನಲ್ಲಿ ಹಲ್ಲುಗಳು. ಒಂದು ಕಡೆ ಸೀಳು. ಅದನ್ನು ಎರಡು ಹಿಡಿಯ ಡೈ ಸ್ಟಾಕಿನಲ್ಲಿ ಕೂರಿಸುತ್ತಾರೆ. ಸ್ಟಾಕಿನಲ್ಲಿ ಮೂರು ಸಣ್ಣ ತಿರುಪುಗಳಿವೆ. ನಡುವಿನದು ಸೀಳಿನೊಳಗೆ ನುಗ್ಗಿ ಡೈಯನ್ನು ಕೊಂಚ ಅರಳಿಸುತ್ತದೆ. ಅಕ್ಕಪಕ್ಕದವು ಅದನ್ನು ಒತ್ತಿ ಕಿರಿದು ಮಾಡುತ್ತವೆ. ಮೊದಲು ಅರಳಿಸಿ ತೆಳುವಾಗಿ ಕೊರೆದು, ನಟ್ಟು ಹಾಕಿ ನೋಡಿ, ಬಿಗಿಯಾದರೆ ಕಿರಿದು ಮಾಡಿ ಮತ್ತೊಮ್ಮೆ ಕೊರೆಯುವುದು ಕ್ರಮ. ಸರಳಿನ ದಪ್ಪ ಬೋಲ್ಟಿನ ಅಳತೆಗಿಂತ ಕೂದಲಷ್ಟು ಕಡಿಮೆಯಿರಬೇಕು. ಪಿಚ್ಚಿನ ಹತ್ತನೇ ಒಂದು ಪಾಲು ಕಳೆದರೆ ಸಾಕು. 10 ಮಿಲಿಮೀಟರಿಗೆ 9.85. ತುದಿಯನ್ನು ಅರದಿಂದ ಉಜ್ಜಿ ಓರೆ ಮಾಡಿಕೊಂಡರೆ ಡೈ ನೆಟ್ಟಗೆ ಹಿಡಿಯುತ್ತದೆ. ಡೈಯ ಎರಡು ಮುಖಗಳಲ್ಲಿ ಹಲ್ಲು ಇಳಿಜಾರಾಗಿರುವ ಮುಖವೇ ಮೊದಲು ಸರಳಿಗೆ ತಾಗಬೇಕು.

ಎರಡಕ್ಕೂ ಒಂದೇ ನಡಿಗೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಕತ್ತರಿಸಿದ ಲೋಹದ ಸಿಪ್ಪೆ ತುಂಡಾಗಿ ಉದುರುತ್ತದೆ. ಇಲ್ಲವಾದರೆ ಹಲ್ಲುಗಳ ನಡುವೆ ಸಿಕ್ಕಿ ಥ್ರೆಡ್ಡನ್ನು ಹರಿಯುತ್ತದೆ. ಉಕ್ಕಿಗೆ ಎಣ್ಣೆ ಬೇಕೇ ಬೇಕು. ಅಲ್ಯುಮಿನಿಯಮ್ಮಿಗೆ ಸೀಮೆಎಣ್ಣೆ ಆಗುತ್ತದೆ. ಬೀಡುಕಬ್ಬಿಣವನ್ನು ಒಣಗಿಯೇ ಕೊರೆಯುತ್ತಾರೆ. ಸಿಪ್ಪೆಯನ್ನು ಬೆರಳಿನಿಂದ ಒರೆಸಬಾರದು, ಬಾಯಿಂದ ಊದಬಾರದು. ಬ್ರಷ್ ಇರುವುದೇ ಅದಕ್ಕೆ. ಕಣ್ಣಿಗೆ ಕನ್ನಡಕ ತಪ್ಪಿಸಬಾರದು. ತಾಯಂದಿರು ಮಗನ ಕೈಚೀಲಕ್ಕೆ ಊಟದ ಡಬ್ಬಿಯ ಜೊತೆ ಅದನ್ನೂ ಇಟ್ಟು ಕಳಿಸಿದರೆ ಒಳ್ಳೆಯದು.

ಇಷ್ಟೂ ಹೊಸ ಥ್ರೆಡ್ ಕೊರೆಯುವ ಮಾತು. ಕೆಟ್ಟ ಥ್ರೆಡ್ಡನ್ನು ಸರಿಪಡಿಸುವುದು ಬೇರೆ ವಿದ್ಯೆ. ಅಲ್ಲಿ ಗುರಿ ಲೋಹ ತೆಗೆಯುವುದಲ್ಲ, ಇರುವ ಲೋಹವನ್ನು ಉಳಿಸಿಕೊಂಡು ದಾರಿ ತೆರವು ಮಾಡುವುದು. ಹೊಲದ ಕಾಲುವೆಯಲ್ಲಿ ಹೂಳು ತುಂಬಿದರೆ ಹೂಳು ತೆಗೆಯುತ್ತಾರೆ, ಹೊಸ ಕಾಲುವೆ ತೋಡುವುದಿಲ್ಲ. ಕೊರೆಯುವ ಡೈಯನ್ನೇ ಹಳೆಯ ಬೋಲ್ಟಿಗೆ ಬಿಗಿಯಾಗಿ ಹಾಕಿ ತಿರುಗಿಸಿದರೆ ಅದು ತುಕ್ಕಿನ ಜೊತೆ ಒಳ್ಳೆಯ ಉಕ್ಕನ್ನೂ ಕೆರೆದುಬಿಡುತ್ತದೆ. ನಟ್ಟು ಆಮೇಲೆ ಬಲು ಸಲೀಸಾಗಿ ತಿರುಗುತ್ತದೆ. ಸಲೀಸಾದದ್ದೇ ದೋಷ, ಹಿಡಿತ ಹೋಯಿತು.

ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಡೈ ನಟ್. ಹೊರಗೆ ಆರು ಮೂಲೆ, ಸ್ಪ್ಯಾನರಿನಿಂದಲೇ ತಿರುಗಿಸಬಹುದು. ಡೈ ಸ್ಟಾಕ್ ಹೋಗದ ಇಕ್ಕಟ್ಟಿನಲ್ಲೂ ನುಗ್ಗುತ್ತದೆ. ಸೀಳಿಲ್ಲ, ಹಿಗ್ಗಿಸಿ ಕುಗ್ಗಿಸುವಂತಿಲ್ಲ. ಹಾಗಾಗಿ ಹೊಸ ಸರಳಿನ ಮೇಲೆ ಅದನ್ನು ಪ್ರಯೋಗಿಸಬಾರದು. ಜಜ್ಜಿದ ಥ್ರೆಡ್ಡನ್ನು ನೇರ ಮಾಡಲಷ್ಟೇ ಅದು. ಇನ್ನೊಂದು ಥ್ರೆಡ್ ಅರ. ಚೌಕ ಸರಳಿನ ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ಮುಖ. ಒಂದೊಂದು ಮುಖಕ್ಕೂ ಒಂದೊಂದು ಪಿಚ್ಚಿನ ಹಲ್ಲು, ಒಟ್ಟು ಎಂಟು. ಪಿಚ್ ಸರಿಯಿದ್ದರೆ ಬೋಲ್ಟು ಎಷ್ಟೇ ದಪ್ಪವಿರಲಿ ಅದು ಕೆಲಸ ಮಾಡುತ್ತದೆ. ಬಲಗೈ ಥ್ರೆಡ್, ಎಡಗೈ ಥ್ರೆಡ್ ಎಂಬ ಭೇದವೂ ಅದಕ್ಕಿಲ್ಲ. ಸೈಕಲ್ಲಿನ ಎಡ ಪೆಡಲಿನಲ್ಲಿ ಎಡಗೈ ಥ್ರೆಡ್ ಇರುವುದನ್ನು ಬಲ್ಲ ಹುಡುಗರಿಗೆ ಇದರ ಬೆಲೆ ಗೊತ್ತಾದೀತು. ಏನೂ ಇಲ್ಲದಿದ್ದರೆ ಸಣ್ಣ ಮೂರು ಮೂಲೆಯ ಅರ ಸಾಕು. ಸಮಭುಜ ತ್ರಿಭುಜದ ಮೂಲೆ 60 ಡಿಗ್ರಿ, ಮೆಟ್ರಿಕ್ ಥ್ರೆಡ್ಡಿನ ಕೋನವೂ 60. ಒಂದೆರಡು ಸುತ್ತು ಜಜ್ಜಿದ್ದರೆ ತಾಳ್ಮೆಯಿಂದ ಕಣಿವೆಯ ಗುಂಟ ಉಜ್ಜಿ ಎತ್ತಬಹುದು.

ಕೆಲಸದ ಕ್ರಮ ಹೀಗೆ. ತಂತಿ ಬ್ರಷ್ಷಿನಿಂದ ತುಕ್ಕು, ಬಣ್ಣ, ಮಣ್ಣು ತೆಗೆಯಬೇಕು. ಎಣ್ಣೆ ಹಾಕಿ ನೆನೆಯಲು ಬಿಡಬೇಕು. ಪಿಚ್ ನೋಡಬೇಕು. ಅಣಬೆಯಾದ ತುದಿಯನ್ನು ಅರದಿಂದ ಇಳಿಸಿ ಓರೆ ಮಾಡಬೇಕು. ಆಮೇಲೆ ಡೈ ನಟ್ಟನ್ನು ಬೆರಳಿನಿಂದಲೇ ಹಿಡಿಸಬೇಕು, ಸ್ಪ್ಯಾನರಿನಿಂದಲ್ಲ. ಬೆರಳಿಗೆ ಒಂದು ಸುತ್ತಾದರೂ ಬಂದರೆ ಅದು ಹಳೆಯ ದಾರಿಯಲ್ಲೇ ಇದೆ ಎಂದರ್ಥ. ಓರೆಯಾಗಿ ಹಿಡಿದ ಡೈ ನಟ್ ಹಳೆಯ ದಾರಿಯನ್ನು ಅಡ್ಡಕ್ಕೆ ದಾಟಿ ಹೊಸ ದಾರಿ ಮಾಡುತ್ತದೆ. ಆಗ ಇದ್ದದ್ದೂ ಹೋಯಿತು. ಬೋಲ್ಟನ್ನು ಗರಗಸದಿಂದ ಕತ್ತರಿಸಿ ಗಿಡ್ಡ ಮಾಡುವುದಿದ್ದರೆ ಮೊದಲೇ ಒಂದು ನಟ್ಟನ್ನು ಒಳಗೆ ತಿರುಗಿಸಿಟ್ಟುಕೊಳ್ಳುವುದು ಹಳೆಯ ಫಿಟ್ಟರುಗಳ ಜಾಣ್ಮೆ. ಕತ್ತರಿಸಿದ ಮೇಲೆ ನಟ್ಟನ್ನು ಹೊರಕ್ಕೆ ತಿರುಗಿಸಿದರೆ ಅದು ಒಳಗಿನ ಒಳ್ಳೆಯ ಥ್ರೆಡ್ಡಿನಿಂದ ಹೊರಟು ತುದಿಯ ಮುಳ್ಳುಗಳನ್ನು ನೇರ ಮಾಡುತ್ತಲೇ ಬರುತ್ತದೆ.

ಕೆಟ್ಟದ್ದು ಬೋಲ್ಟಲ್ಲ, ಯಂತ್ರದ ಒಡಲಿನ ತೂತಿನ ಥ್ರೆಡ್ಡೇ ಆಗಿದ್ದರೆ? ಬೋಲ್ಟಾದರೆ ಬೇರೆ ತರಬಹುದು, ಒಡಲನ್ನು ಬದಲಿಸುವುದು ದುಬಾರಿ. ಆಗ ತೂತನ್ನು ಕೊಂಚ ದೊಡ್ಡದು ಮಾಡಿ, ಅದಕ್ಕೆಂದೇ ಇರುವ ಟ್ಯಾಪಿನಿಂದ ಥ್ರೆಡ್ ಕೊರೆದು, ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ತಂತಿಯ ಸುರುಳಿಯೊಂದನ್ನು ಒಳಗೆ ಕೂರಿಸುತ್ತಾರೆ. ಸುರುಳಿಯ ಒಳಮೈಯೇ ಹೊಸ ಥ್ರೆಡ್. ಹಳೆಯ ಅಳತೆಯ ಬೋಲ್ಟೇ ಅದಕ್ಕೆ ಕೂರುತ್ತದೆ. ಬೈಕಿನ ಅಲ್ಯುಮಿನಿಯಮ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ತೂತು ಕೆಟ್ಟಾಗ ಮೆಕ್ಯಾನಿಕ್ಕುಗಳು ಮಾಡುವ ಚಿಕಿತ್ಸೆ ಇದು.

ಇಲ್ಲಿಯವರೆಗೆ ಕೈಚಳಕ. ಇನ್ನು ವಿವೇಕದ ಮಾತು. ಎಲ್ಲ ಬೋಲ್ಟನ್ನೂ ಸರಿಪಡಿಸಬಹುದೇ, ಸರಿಪಡಿಸಬೇಕೇ?

ಕಾರ್ಖಾನೆಯಲ್ಲಿ ತಯಾರಾಗುವ ಬೋಲ್ಟುಗಳ ಥ್ರೆಡ್ಡನ್ನು ಹೆಚ್ಚಾಗಿ ಕೊರೆಯುವುದಿಲ್ಲ, ಉರುಳಿಸಿ ಒತ್ತುತ್ತಾರೆ. ಗಟ್ಟಿ ಅಚ್ಚುಗಳ ನಡುವೆ ಸರಳು ಉರುಳುವಾಗ ಉಕ್ಕು ಕಣಿವೆಯಿಂದ ನೆತ್ತಿಗೆ ಏರಿ ನಿಲ್ಲುತ್ತದೆ. ಮರದ ಎಳೆಗಳಂತೆ ಉಕ್ಕಿನೊಳಗೂ ಒಂದು ಹರಿವು ಇದೆ. ಒತ್ತಿದಾಗ ಅದು ಬಾಗುತ್ತದೆ, ಕೊರೆದರೆ ತುಂಡಾಗುತ್ತದೆ. ಮತ್ತೆ ಮತ್ತೆ ಅಲುಗುವ, ನಡುಗುವ ಜಾಗದಲ್ಲಿ ಒತ್ತಿದ ಥ್ರೆಡ್ ಹೆಚ್ಚು ಬಾಳುವುದು ಇದರಿಂದಲೇ.

ಎರಡನೆಯದು ಬೋಲ್ಟಿನ ತಲೆಯ ಮೇಲಿನ ಅಂಕಿ. 8.8 ಎಂದಿದ್ದರೆ ಮೊದಲ ಎಂಟನ್ನು ನೂರರಿಂದ ಗುಣಿಸಿ: ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ತುಂಡಾಗದು. ಬಿಂದುವಿನ ಮುಂದಿನ ಎಂಟು, ಆ 800ರ ಹತ್ತರಲ್ಲಿ ಎಂಟು ಪಾಲು, ಅಂದರೆ 640ರವರೆಗೆ ಶಾಶ್ವತವಾಗಿ ಹಿಗ್ಗದು ಎನ್ನುತ್ತದೆ. 4.6 ಎಂಬ ಸಾದಾ ಬೋಲ್ಟಿಗೆ ಈ ಮಿತಿ 240. 10 ಮಿಲಿಮೀಟರಿನ ಬೋಲ್ಟಿನಲ್ಲಿ ಭಾರ ಹೊರುವ ಅಡ್ಡಕೊಯ್ತ 58 ಚದರ ಮಿಲಿಮೀಟರ್. ಗುಣಿಸಿ ನೋಡಿದರೆ ಸಾದಾ ಬೋಲ್ಟು ಹಿಗ್ಗದೆ ತಡೆಯುವುದು ಸುಮಾರು 1,400 ಕಿಲೋ ಭಾರವನ್ನು, 8.8ರದ್ದು ಸುಮಾರು 3,800 ಕಿಲೋ ಭಾರವನ್ನು. ಅಂಕಿಯಿರುವ ಬೋಲ್ಟಿನ ಜಾಗಕ್ಕೆ ಅಂಕಿಯಿಲ್ಲದ ಬೋಲ್ಟು ಸಲ್ಲದು. ಅದು ಕೂರುತ್ತದೆ ಎಂಬುದು ಉತ್ತರವಲ್ಲ.

ಮೂರನೆಯದು ಭಾರದ ಹಂಚಿಕೆ. ನಟ್ಟಿನೊಳಗಿನ ಸುತ್ತುಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಬಿಗಿದ ವಸ್ತುವಿಗೆ ಹತ್ತಿರದ ಮೊದಲ ಸುತ್ತೊಂದೇ ಸುಮಾರು ಮೂರನೇ ಒಂದು ಪಾಲು ಹೊರುತ್ತದೆ. ಮುಂದಿನವುಗಳ ಪಾಲು ಇಳಿಯುತ್ತ ಹೋಗುತ್ತದೆ. ಆದ್ದರಿಂದ ನಟ್ಟಿನಿಂದಾಚೆ ಉಳಿಯುವ ತುದಿಯ ಸುತ್ತು ಜಜ್ಜಿದ್ದರೆ ಸರಿಪಡಿಸಿ ಬಳಸಬಹುದು. ನಟ್ಟು ಕೂರುವ ಜಾಗದ ಸುತ್ತೇ ಹರಿದಿದ್ದರೆ, ತುಕ್ಕು ಅಲ್ಲಿಯೇ ಗುಳಿ ತೋಡಿದ್ದರೆ, ಬೋಲ್ಟು ಹಿಗ್ಗಿ ಪಿಚ್ ಗೇಜಿನ ಎಲೆಗೆ ಹೊಂದದಿದ್ದರೆ ಅದನ್ನು ಗುಜರಿಗೆ ಹಾಕುವುದೇ ಧರ್ಮ. ಗಾಡಿಯ ಬ್ರೇಕು, ಚಕ್ರ, ಸ್ಟಿಯರಿಂಗ್, ಭಾರ ಎತ್ತುವ ಕೊಂಡಿ, ಇಂಥಲ್ಲಿ ಎರಡನೇ ಯೋಚನೆಯೇ ಬೇಡ, ಹೊಸದೇ ಆಗಬೇಕು.

ಕಣ್ಣಳತೆಗೆ ಸರಿಯೆನಿಸಿದ್ದನ್ನು ನಂಬಿ ಕೆಟ್ಟ ನಿದರ್ಶನ ಬ್ರಿಟನ್ನಿನಲ್ಲಿದೆ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಗಾಕ್ಕೆ ಹೊರಟ ಪ್ರಯಾಣಿಕ ವಿಮಾನವೊಂದು 17,300 ಅಡಿ ಎತ್ತರ ಏರಿತ್ತು. ಚಾಲಕನ ಎದುರಿನ ಗಾಜು ಚೌಕಟ್ಟಿನಿಂದ ಕಿತ್ತು ಹಾರಿಹೋಯಿತು. ಒಳಗಿನ ಗಾಳಿ ಹೊರನುಗ್ಗುವ ರಭಸಕ್ಕೆ ಮುಖ್ಯ ಚಾಲಕ ಅರ್ಧ ದೇಹ ಕಿಟಕಿಯಾಚೆ ಜೋತುಬಿದ್ದ. ಪರಿಚಾರಕರು ಅವನ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಹಚಾಲಕ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದ. ಪುಣ್ಯಕ್ಕೆ ಚಾಲಕನೂ ಬದುಕಿದ, ಪ್ರಯಾಣಿಕರೂ ಉಳಿದರು. ತನಿಖೆಯಲ್ಲಿ ಹೊರಬಂದದ್ದು ಬೋಲ್ಟಿನ ಕತೆ. ಹಾರಾಟಕ್ಕೆ 27 ಗಂಟೆ ಮೊದಲು ಆ ಗಾಜನ್ನು ಹೊಸದಾಗಿ ಕೂರಿಸಿದ್ದರು. ಬಿಗಿದ 90 ಬೋಲ್ಟುಗಳಲ್ಲಿ 84ರ ದಪ್ಪ 0.66 ಮಿಲಿಮೀಟರ್ ಕಡಿಮೆ. ಉಳಿದ ಆರು ಎರಡೂವರೆ ಮಿಲಿಮೀಟರ್ ಗಿಡ್ಡ. ಹೊಸ ಬೋಲ್ಟುಗಳನ್ನು ಆರಿಸಿದ್ದು ಕೈಪಿಡಿಯನ್ನು ನೋಡಿ ಅಲ್ಲ, ಹಳೆಯದಕ್ಕೆ ಹೋಲಿಸಿ. ತೆಳು ಬೋಲ್ಟಿನ ಪಿಚ್ಚೂ ಸರಿಯಾದ ಬೋಲ್ಟಿನ ಪಿಚ್ಚೂ ಒಂದೇ, ಅಂಗುಲಕ್ಕೆ 32 ಸುತ್ತು. ಆದ್ದರಿಂದ ಅವು ತಿರುಗಿದವು, ಕೂತವು, ಸರಿಯೆಂದೇ ಕಂಡವು. ಹಿಡಿತ ಮಾತ್ರ ಇರಲಿಲ್ಲ. ದಪ್ಪವನ್ನೂ ಪಿಚ್ಚನ್ನೂ ಎರಡನ್ನೂ ಅಳೆಯಬೇಕು ಎಂದು ಐಟಿಐಯ ಗುರುಗಳು ಗಂಟಲು ಹರಿದುಕೊಳ್ಳುವುದು ಸುಮ್ಮನೆ ಅಲ್ಲ.

ಹೆತ್ತವರಿಗೆ ಎರಡು ಮಾತು. ಹತ್ತನೇ ತರಗತಿ ಮುಗಿಸಿದ ಮಕ್ಕಳು ಫಿಟ್ಟರ್ ವಿಭಾಗಕ್ಕೆ ಸೇರಬಹುದು. ಎರಡು ವರ್ಷದ ಓದು. ಅರ ಹಿಡಿದು ಉಜ್ಜುವುದರಿಂದ ಆರಂಭವಾಗಿ ಅಳತೆ, ಕೊರೆತ, ಟ್ಯಾಪ್, ಡೈ ಎಲ್ಲ ಕೈಗೆ ಬರುತ್ತವೆ. ಅಲ್ಲಿಗೆ ಓದು ಮುಗಿಯಿತು ಎಂದೇನೂ ಇಲ್ಲ. ಕರ್ನಾಟಕದಲ್ಲಿ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಲು ಅವಕಾಶವಿದೆ. ಡಿಪ್ಲೊಮಾದಿಂದ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೂ ಹೋಗಬಹುದು. ದಾರಿ ಕೊಂಚ ಬಳಸು, ನಿಜ. ಆದರೆ ಬೋಲ್ಟಿನ ಸುತ್ತೂ ಬಳಸು ದಾರಿಯೇ. ಬಳಸಿ ಏರಿದ್ದರಿಂದಲೇ ಅದು ಜಾರದೆ ನಿಲ್ಲುತ್ತದೆ.

ಈಗ ಮತ್ತೆ ಬಾವಿಯ ದಡಕ್ಕೆ ಹೋಗೋಣ. ಮಳೆಗಾಲ ಕಳೆದಿದೆ. ಪಂಪು ಇಳಿಸುವ ದಿನ. ಹುಡುಗ ಎಂಟೂ ಬೋಲ್ಟುಗಳನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದಾನೆ. ತಂತಿ ಬ್ರಷ್ ಆಡಿಸಿ, ಎಣ್ಣೆ ಹಚ್ಚಿ, ಏಳಕ್ಕೆ ಡೈ ನಟ್ ಓಡಿಸಿದ್ದಾಗಿದೆ. ಎಂಟನೆಯದನ್ನು ಪಕ್ಕಕ್ಕೆ ಸರಿಸುತ್ತಾನೆ.

"ಅದ್ಯಾಕೋ ಬಿಟ್ಟೆ? ನಟ್ಟು ಸಲೀಸಾಗಿ ತಿರುಗ್ತಿದೆಯಲ್ಲ" ಎನ್ನುತ್ತಾನೆ ಅಪ್ಪ.

"ಅದಕ್ಕೇ ಬಿಟ್ಟೆ ಅಪ್ಪ. ನೋಡು, ನಟ್ಟು ಕೂರೋ ಜಾಗದಲ್ಲೇ ಎರಡು ಸುತ್ತು ತಿಂದುಹೋಗಿದೆ. ಮೋಟಾರು ನಡುಗೋವಾಗ ಇದೇ ಮೊದಲು ಬಿಡೋದು. ಆಮೇಲೆ ಉಳಿದ ಏಳರ ಮೇಲೆ ಭಾರ."

ಅಪ್ಪ ಬೋಲ್ಟನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರನ್ನು ಥ್ರೆಡ್ಡಿನ ಗುಂಟ ಎಳೆಯುತ್ತಾನೆ. ಉಗುರು ಒಂದು ಕಡೆ ಜಾರುತ್ತದೆ. ಅವನು ಏನೂ ಹೇಳುವುದಿಲ್ಲ. ಆ ಬೋಲ್ಟನ್ನೇ ಅಂಗಿಯ ಜೇಬಿಗೆ ಹಾಕಿಕೊಂಡು, ಅಂಗಡಿಯವನಿಗೆ ಅಳತೆ ತೋರಿಸಬೇಕಲ್ಲ ಎಂದು, ಸೈಕಲ್ಲು ತೆಗೆಯುತ್ತಾನೆ.

ಹುಡುಗ ಹಿಂದಿನಿಂದ ಕೂಗುತ್ತಾನೆ: "ದಪ್ಪ ಒಂದೇ ನೋಡಬೇಡಪ್ಪ, ಪಿಚ್ಚೂ ನೋಡು!"